ಆಚಾರರ ಚೀಲ

ಕಿರಂಗೂರಿನ ನಮ್ಮ ಹೊಸ ಮನೆಗೆ ಬಾಗಿಲು ಮಾಡಲು ಬಂದ ಮರಗೆಲಸದ ಆಚಾರರಿಗೆ ಐವತ್ತರ ಹತ್ತಿರ ವಯಸ್ಸು. ಬೆಳಿಗ್ಗೆ ಬಂದವರೇ ಉಳಿ, ಸುತ್ತಿಗೆಗಳ ಚೀಲವನ್ನು ಕಿಟಕಿಗೆ ನೇತುಹಾಕಿ, ಹಲಗೆಯೊಂದನ್ನು ಸವರಿ, ಮೂಸಿ ನೋಡಿ, ಮಾಯವಾಗುತ್ತಿದ್ದರು. ಫೋನು ಮಾಡಿದರೆ ಒಂದೇ ಮಾತು: "ಚೀಲ ಐತಲ್ಲ ಸಾ, ಚೀಲ ಇದ್ರೆ ನಾ ಇದ್ದಂಗೇ ಬುಡಿ."

ಅವರು ಹೋಗುತ್ತಿದ್ದದ್ದು ಹಳೆಯ ಗುಡಿಗಳಿಗೆ. ಅಲ್ಲಿಯ ಕಲ್ಲಿನ ಬಳ್ಳಿಗಳನ್ನು ಮದುವೆ ಕಾರ್ಡಿನ ಹಿಂದೆ ಬರೆದು ತಂದು ನಮ್ಮ ಬಾಗಿಲಿನ ಮೇಲೆ ಕೆತ್ತುತ್ತಿದ್ದರು. ಗೃಹಪ್ರವೇಶಕ್ಕೆ ನಾಲ್ಕೇ ದಿನ ಉಳಿದರೂ ಮುಗಿದದ್ದು ಎಡಗಡೆಯ ಕದ ಮಾತ್ರ.

"ಬಲಗಡೇದು?" ಎಂದು ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಅದು ಗೋವಿಂದನಹಳ್ಳಿ ಗುಡೀಲೈತೆ ಕಣವ್ವ. ನೋಡ್ಕಬಂದ್ಬುಡ್ತೀನಿ."

ಒಬ್ಬರನ್ನೇ ಕಳಿಸಿದರೆ ಯಾವಾಗ ಬಂದಾರೋ! ಮರುದಿನ ಕಚೇರಿಯಲ್ಲಿ ಮುಖ ತೋರಿಸಿ ಬಂದವನು ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನಾನೇ ಹೊರಟೆ.

ಅವರು ಗುಡಿಯ ಕಂಬದೆದುರು ಕೂತು ಬರೆಯತೊಡಗಿದರು. ನಾನು ಗಡಿಯಾರ ನೋಡಿದೆ, ಆಕಳಿಸಿದೆ, ಕೊನೆಗೆ ಪೆನ್ಸಿಲು ಕೇಳಿದೆ. ಶಾಲೆ ಬಿಟ್ಟ ಮೇಲೆ ನಾನು ಚಿತ್ರ ಬರೆದದ್ದು ಅದೇ ಮೊದಲು. ಒಂದು ಆನೆಯ ಸೊಂಡಿಲು ಮುಗಿಯುವಷ್ಟರಲ್ಲಿ ಸಾಹೇಬರ ಫೋನು ಬಂತು.

"ಎಲ್ರೀ ಹೋದ್ರಿ?"

"ಇಲ್ಲೇ ಇದ್ದೀನಿ ಸಾರ್. ನನ್ನ ಕುರ್ಚಿ ನೋಡಿ, ಚೀಲ ಇದೆಯಲ್ಲ."