ಗಲ್ಫಿನಲ್ಲಿರುವ ಗಂಡ

ಬಾಡಿಗೆಗೆ ಮನೆ ಕೇಳಿಕೊಂಡು ಹೋದರೆ ನಮ್ಮ ಕಡೆಯವರು ಮೊದಲು ನೀರು ಬೆಲ್ಲ ಕೊಡುತ್ತಾರೆ. ಆಮೇಲೆ "ಯಜಮಾನರಿಗೆ ಎಲ್ಲಿ ಕೆಲಸ?" ಎಂದು ಕೇಳುತ್ತಾರೆ. ನನ್ನ ಮಟ್ಟಿಗೆ ಉಪಚಾರ ಮುಗಿಯುತ್ತಿದ್ದದ್ದು ಅಲ್ಲಿಗೇ.

ಕಾರ್ಕಳದ ಗಂಡನ ಮನೆ ಬಿಟ್ಟು ಬಂದಾಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಗಳಿಗೆ ಆಗಷ್ಟೇ ಶಾಲೆಗೆ ಸೇರಿಸುವ ಪ್ರಾಯ. ಗಂಡನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಗಿರಾಕಿಗಳ ಹತ್ತಿರ ಬೆಣ್ಣೆಯಂಥ ಮಾತು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಆ ಮನುಷ್ಯ ಏನು ಮಾಡುತ್ತಿದ್ದ ಎಂದು ವಿವರಿಸಲು ನನಗೆ ಮನಸ್ಸಿಲ್ಲ. ನನ್ನ ಎಡಗಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ಅಷ್ಟು ಹೇಳಿದರೆ ಸಾಕು.

ತುಳುನಾಡಿನಲ್ಲಿ ಹೆಣ್ಣಿನಿಂದಲೇ ಕುಟುಂಬ, ಹೆಣ್ಣಿಗೇ ಮನೆ ಎಂದು ಸಭೆಗಳಲ್ಲಿ ಮೈಕ್ ಹಿಡಿದು ಹೇಳುತ್ತಾರಲ್ಲ, ಕೇಳಿದರೆ ಮೈ ಉರಿಯುತ್ತದೆ. ಪಾಲಾಗಿ ಉಳಿದ ತವರಿನ ಒಂದು ಕೋಣೆಯಲ್ಲಿ ಅಮ್ಮನೇ ತಮ್ಮನ ಹಂಗಿನಲ್ಲಿದ್ದರು. ತಮ್ಮನ ಹೆಂಡತಿ ನನ್ನ ಚೀಲದ ಗಾತ್ರ ನೋಡಿ, "ಅತ್ತಿಗೆ, ಎಷ್ಟು ದಿನಕ್ಕೆ ಬಂದದ್ದು?" ಎಂದು ಕೇಳಿದಳು. ನಾನು ಚೀಲ ಬಿಚ್ಚಲೇ ಇಲ್ಲ.

ಕಟಪಾಡಿಯ ಒಂದು ಎಸ್‌ಟಿಡಿ ಬೂತಿನಲ್ಲಿ ಕೆಲಸ ಸಿಕ್ಕಿತು. ಕೆಲಸ ಕೊಟ್ಟವರು ಗಂಡನ ವಿಚಾರ ಎತ್ತಲಿಲ್ಲ. ಮನೆ ಕೊಡುವವರು ಬೇರೆ ಏನನ್ನೂ ಕೇಳಲಿಲ್ಲ. ಉಡುಪಿಯಲ್ಲಿ ಒಬ್ಬರು ಮಾಳಿಗೆಯ ಕೋಣೆ ತೋರಿಸಿ, ಬಾವಿ ತೋರಿಸಿ, ಬಟ್ಟೆ ಒಣಗಿಸುವ ಹಗ್ಗ ತೋರಿಸಿ, ಕೊನೆಗೆ "ಹೊಡೀತಾರಂತಲ್ಲ, ಇಲ್ಲಿಗೆ ಬಂದು ಗಲಾಟೆ ಮಾಡಿದ್ರೆ ನಮ್ಮ ಮರ್ಯಾದೆ ಎಂತ ಆಗ್ಬೇಕು?" ಎಂದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತೇ ಬಿಟ್ಟರು. ಅತ್ತರೇ ಹೊರತು ಮನೆ ಕೊಡಿ ಎಂದು ಗಂಡನಿಗೆ ಹೇಳಲಿಲ್ಲ. ಮಣಿಪಾಲದಲ್ಲಿ ಇನ್ನೊಬ್ಬರು ನೇರವಾಗಿಯೇ ಹೇಳಿದರು, "ನಾವು ಸ್ಟೂಡೆಂಟ್ಸ್‌ಗೆ ಕೊಡ್ತೇವೆ, ಫ್ಯಾಮಿಲಿಗೆ ಕೊಡ್ತೇವೆ. ನೀವು ಎರಡೂ ಅಲ್ಲ ಅಲ್ವಾ?"

ಅಲ್ಲ ಸ್ವಾಮಿ, ಎರಡೂ ಅಲ್ಲ. ನಾನೂ ನನ್ನ ಮಗಳೂ ಏನು ಎಂದು ನೀವೇ ಹೇಳಿ ಎಂದು ಕೇಳಬೇಕಿತ್ತು.

ದಾರಿ ತೋರಿಸಿದವಳು ಬೂತಿಗೆ ಬರುತ್ತಿದ್ದ ಒಬ್ಬ ಹೆಂಗಸು. ಅವಳ ಗಂಡ ಕುವೈತಿನಲ್ಲಿ ಡ್ರೈವರ್. ನನ್ನ ಕಥೆ ಕೇಳಿ ಹಣೆ ಚಚ್ಚಿಕೊಂಡಳು. "ನೀನೊಬ್ಬಳು ಮಾರಾಯ್ತಿ! ಈ ಊರಲ್ಲಿ ಅರ್ಧ ಮನೆಯಲ್ಲಿ ಗಂಡ ಉಂಟಾ? ಗಲ್ಫಿನಲ್ಲಿದ್ದಾರೆ ಅಂತ ಹೇಳು. ಯಾರೂ ಮಾತಾಡುವುದಿಲ್ಲ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಕಾಪುವಿನಲ್ಲಿ ಮೀನಿನ ವ್ಯಾಪಾರದ ಒಂದು ಕುಟುಂಬದವರ ಹಿಂದಿನ ಮನೆ ಖಾಲಿ ಇತ್ತು. ಕುತ್ತಿಗೆಯಲ್ಲಿ ಕರಿಮಣಿ, ಬಾಯಲ್ಲಿ ಗಲ್ಫು. ಮನೆಯೊಡತಿಯ ಮುಖ ಅರಳಿತು. "ಹೌದಾ! ನನ್ನ ತಮ್ಮನೂ ಮಸ್ಕತ್‌ನಲ್ಲಿ. ಹೆಂಗಸು ಒಬ್ಬಳೇ ಮಗು ಸಾಕಿಕೊಂಡು ಇರುವುದು ಸಣ್ಣ ಕಷ್ಟವಾ? ನಾವು ಇದ್ದೇವೆ, ಹೆದರಬೇಡ." ನಾನು ಅವರನ್ನು ಅಕ್ಕ ಎಂದು ಕರೆದೆ. ಸುಳ್ಳು ಹೇಳಿದೆನೆಂದು ನನಗೆ ಆಗಲೂ ಬೇಸರವಾಗಲಿಲ್ಲ, ಈಗಲೂ ಇಲ್ಲ. ನಿಜ ಹೇಳಿದಾಗ ಯಾರೂ ಚಾಪೆ ಹಾಸಿ ಕೊಡಲಿಲ್ಲವಲ್ಲ.

ಒಳಗಿನಿಂದ ಚಿಲಕ ಹಾಕಿ ಮಲಗಿದರೆ ಬೆಳಗಿನವರೆಗೆ ನಿದ್ದೆ ಬರುವ ಮನೆ. ಅಂಥ ಸುಖ ನನಗೆ ಮದುವೆಯಾದ ಮೇಲೆ ಸಿಕ್ಕಿದ್ದು ಅದೇ ಮೊದಲು. ಅಕ್ಕ ಬಂಗುಡೆ ಸಾರು ಕಳಿಸುತ್ತಿದ್ದರು. "ಮಗಳ ಅಪ್ಪ ಫೋನ್ ಮಾಡಿದ್ರಾ?" ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ತಯಾರು. ಬೂತಿನ ಗಾಜಿನ ಆಚೆ ಗಲ್ಫಿನ ಗಂಡಂದಿರ ಹತ್ತಿರ ಹೆಂಗಸರು ಮಾತಾಡುತ್ತಿದ್ದದ್ದನ್ನು ಹಾಗೆಯೇ ಒಪ್ಪಿಸುತ್ತಿದ್ದೆ. ಅರಬಿ ರಜೆ ಕೊಡುವುದಿಲ್ಲವಂತೆ, ಈ ಸಲ ಸೆಖೆ ಜಾಸ್ತಿಯಂತೆ. ಉಡುಪಿಯ ಫಾರಿನ್ ಸಾಮಾನಿನ ಅಂಗಡಿಯಿಂದ ನೋವಿನೆಣ್ಣೆ ತಂದು, ಅವರು ಕಳಿಸಿದ್ದು ಎಂದು ಕೊಟ್ಟೆ. ಅಕ್ಕ ಮೊಣಕಾಲಿಗೆ ತಿಕ್ಕಿಕೊಂಡು, "ಗಲ್ಫಿಂದು ಗಲ್ಫಿಂದೇ, ಇಲ್ಲಿ ಇಂಥದ್ದು ಎಲ್ಲಿ ಸಿಗ್ತದೆ?" ಎಂದರು. ನನಗೆ ನಗು ತಡೆಯಲು ಕಷ್ಟವಾಯಿತು. ಒಮ್ಮೆ ಅವರು ಮಗಳ ಹತ್ತಿರ, "ಅಪ್ಪ ಬರುವಾಗ ನಿನಗೆ ಎಂತ ತರಬೇಕು?" ಎಂದು ಕೇಳಿದರು. "ಅಪ್ಪ ಬರುವುದೇ ಬೇಡ" ಎಂದಿತು ಮಗು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

ಉಚ್ಚಿಲದ ಒಂದು ಮದುವೆಯಲ್ಲಿ ಗಂಡನ ಕಡೆಯವರು ಯಾರೋ ನನ್ನನ್ನು ನೋಡಿದರು. ವಿಷಯ ಕಾರ್ಕಳಕ್ಕೆ ಮುಟ್ಟಿತು.

ಅವನು ಬಂದದ್ದು ಹಾಡಹಗಲಿಗೆ. ಬಾಡಿಗೆ ಕಾರು, ಕೈಯಲ್ಲಿ ದೊಡ್ಡ ಬ್ಯಾಗು, ಸ್ವೀಟಿನ ಪೊಟ್ಟಣ, ಅದೇ ಬಿಳಿ ಅಂಗಿ. ಕಾರಿನಿಂದ ಬ್ಯಾಗು ಇಳಿಸಿ ನನ್ನ ಮನೆ ಕೇಳಿದ ಗಂಡಸನ್ನು ನೋಡಿ ಆ ಊರಿನವರು ಮತ್ತೇನು ತಿಳಿದುಕೊಳ್ಳುತ್ತಾರೆ? ಅಕ್ಕ ಓಡಿ ಹೋಗಿ ಗೇಟು ತೆಗೆದರಂತೆ. ಬೆಲ್ಲ ನೀರು ಕೊಟ್ಟರಂತೆ. ತಮ್ಮಲ್ಲಿದ್ದ ಇನ್ನೊಂದು ಕೀಲಿಯಿಂದ ನನ್ನ ಮನೆಯ ಬಾಗಿಲು ತೆರೆದು, ಫ್ಯಾನ್ ಹಾಕಿ ಕೂರಿಸಿ, ಕಾಣೆ ಮೀನು ಕಾಯಿಸಲು ಹೋದರಂತೆ. ಅವನು ತಾನು ಎಲ್ಲಿಂದ ಬಂದೆ ಎಂದು ಹೇಳಲೇ ಇಲ್ಲ. ಅಕ್ಕನಿಗೆ ಕೇಳಬೇಕೆಂದೂ ಅನಿಸಲಿಲ್ಲ.

ಬೂತಿಗೆ ಅಕ್ಕನ ಫೋನ್ ಬಂತು. "ಬೇಗ ಬಾ ಮಾರಾಯ್ತಿ. ಎಂತ ಅಂತ ಹೇಳುವುದಿಲ್ಲ, ಒಳ್ಳೆ ಸುದ್ದಿಯೇ." ದನಿಯಲ್ಲಿ ಅಷ್ಟು ಸಂಭ್ರಮ. ನಾನು ಪೆದ್ದಿ, ಮಗಳಿಗೆ ಶಾಲೆಯಲ್ಲಿ ಏನೋ ಬಹುಮಾನ ಬಂದಿರಬೇಕು ಅಂದುಕೊಂಡು ಬಸ್ಸು ಹತ್ತಿದೆ.

ಅಂಗಳಕ್ಕೆ ಬಂದಾಗ ಅಕ್ಕ ನನ್ನನ್ನು ನಗುತ್ತಾ ಒಳಗೆ ನೂಕಿದರು. "ಮಗು ನನ್ನ ಹತ್ತಿರ ಇರ್ಲಿ. ನೀವಿಬ್ಬರು ಮಾತಾಡಿ" ಎಂದು ಹೊರಗಿನಿಂದ ಬಾಗಿಲು ಎಳೆದು ಚಿಲಕ ಹಾಕಿದರು. ವರ್ಷಗಟ್ಟಲೆ ಗಂಡನ ಮುಖ ನೋಡದ ಹೆಂಡತಿಗೆ ಮಾಡಿದ ಉಪಕಾರ ಅದು. ಅವನು ನನ್ನ ಚಾಪೆಯ ಮೇಲೆ ಕುಳಿತಿದ್ದ. ಎದ್ದ.

ನಾನು ಬಾಗಿಲು ಬಡಿದೆ. ಕೂಗಿದೆ. ಅಕ್ಕ ಬಂದು ಚಿಲಕ ತೆಗೆಯುವಷ್ಟರಲ್ಲಿ ನನ್ನ ತುಟಿ ಒಡೆದಿತ್ತು, ರವಿಕೆಯ ಮೇಲೆಲ್ಲ ರಕ್ತ. ಅವನು ಅಂಗಿ ಸರಿಮಾಡಿಕೊಂಡು ಸಮಾಧಾನದಲ್ಲಿ ಹೇಳಿದ, "ಕ್ಷಮಿಸಿ ಅಮ್ಮ. ನಾನು ಕಾರ್ಕಳದವನು, ಅಂಗಡಿ ಉಂಟು. ಇವಳು ಮನೆ ಬಿಟ್ಟು ಓಡಿ ಬಂದವಳು." ಅಕ್ಕ ನನ್ನನ್ನು ನೋಡಿದರು. ರಕ್ತ ನೋಡಿದರೋ ಇಲ್ಲವೋ ಗೊತ್ತಿಲ್ಲ. "ಗಲ್ಫು ಅಂತ ಹೇಳಿದ್ದು ಸುಳ್ಳಾ?" ಎಂದು ಕೇಳಿದರು. ಅವರ ಮೊದಲ ಪ್ರಶ್ನೆ ಅದು. ಎರಡನೆಯದ್ದು ಪ್ರಶ್ನೆಯಲ್ಲ. "ನಾಳೆಯೇ ಮನೆ ಖಾಲಿ ಮಾಡು."

ಹೊಡೆದವನು ಕಾರು ಹತ್ತಿ ತನ್ನ ಮನೆಗೆ ಹೋದ. ಅವನ ಮನೆಯನ್ನು ಯಾರೂ ಖಾಲಿ ಮಾಡಿಸಲಿಲ್ಲ. ಪೆಟ್ಟು ತಿಂದವಳು ಪಾತ್ರೆ ಕಟ್ಟಿದಳು. ಕೆಲವು ವರ್ಷಗಳ ನಂತರ ಕಾನೂನು ಬಂತು, ನನ್ನಂಥವರನ್ನು ಗಂಡನ ಮನೆಯಿಂದ ಹೊರಗೆ ಹಾಕುವ ಹಾಗಿಲ್ಲ ಎಂದು ವಕೀಲರೊಬ್ಬರು ಸಂತೋಷದಿಂದ ವಿವರಿಸಿದರು. ಒಳ್ಳೆಯದೇ. ಆದರೆ ನನಗೆ ಬೇಕಾಗಿದ್ದು ಅವನಿಲ್ಲದ ಮನೆ. ಅದನ್ನು ಕೊಡದವರಿಗೆ ಯಾವ ಕಾನೂನು ಉಂಟು ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು.

ಕಾಪುವಿನಿಂದ ಹೊರಟವಳು ಕರಿಮಣಿ ಬಿಚ್ಚಿ ಡಬ್ಬಿಗೆ ಹಾಕಿದೆ. ಸಂತೆಕಟ್ಟೆಯ ಹತ್ತಿರ ಎಲ್ಲರೂ ಬಾಯಮ್ಮ ಎಂದು ಕರೆಯುವ ಕ್ರಿಶ್ಚಿಯನ್ ಮುದುಕಿಯೊಬ್ಬರ ಮನೆಗೆ ಹೋಗಿ, ಗಂಡ ತೀರಿಕೊಂಡರು ಎಂದೆ. ಒಡೆದ ತುಟಿಗೆ ಬಸ್ಸಿನಲ್ಲಿ ಬಿದ್ದೆ ಎಂದೆ. "ಅಯ್ಯೋ ದೇವರೇ, ಇಷ್ಟು ಸಣ್ಣ ಪ್ರಾಯದಲ್ಲಿ!" ಎಂದು ಬಾಯಮ್ಮ ಆಗಲೇ ಕೀಲಿ ತೆಗೆದು ಕೊಟ್ಟರು. ಗಲ್ಫಿನ ಗಂಡನಿಗಿಂತಲೂ ಸತ್ತ ಗಂಡನಿಗೆ ಮರ್ಯಾದೆ ಹೆಚ್ಚು ಎಂದು ಅವತ್ತು ತಿಳಿಯಿತು. ತೀರಿಕೊಂಡ ದಿನ ಯಾವುದು ಎಂದು ಕೇಳಿದರು. ಕಾಪುವಿನಲ್ಲಿ ಅವನು ನನ್ನ ಚಾಪೆಯಿಂದ ಎದ್ದ ದಿನದ ತಾರೀಕನ್ನೇ ಹೇಳಿದೆ, ವರ್ಷ ಮಾತ್ರ ಒಂದು ಹಿಂದೆ ಹಾಕಿದೆ.

ನಾವು ಈಗಲೂ ಅಲ್ಲಿಯೇ ಇದ್ದೇವೆ. ಅವನು ಕಾರ್ಕಳದಲ್ಲಿ ಗಟ್ಟಿಮುಟ್ಟಾಗಿದ್ದಾನೆ, ಅಂಗಡಿಗೆ ಮಾಳಿಗೆ ಕಟ್ಟಿಸಿದ್ದಾನಂತೆ. ಪ್ರತಿ ವರ್ಷ ಆ ದಿನ ಬಾಯಮ್ಮ ಅವನ ಆತ್ಮಕ್ಕೆ ಶಾಂತಿ ಸಿಗಲೆಂದು ಇಗರ್ಜಿಯಲ್ಲಿ ಪೂಜೆ ಹೇಳಿಸುತ್ತಾರೆ, ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋಗುತ್ತಾರೆ. ನಾನು ಅವರ ಪಕ್ಕದಲ್ಲಿ ಮೊಣಕಾಲೂರಿ ಕಣ್ಣು ಮುಚ್ಚುತ್ತೇನೆ. ದೇವರೇ, ಇವನು ಇನ್ನೊಂದು ವರ್ಷ ಸತ್ತೇ ಇರಲಿ ಎಂದು ಬೇಡಿಕೊಳ್ಳುತ್ತೇನೆ. ಅವನು ಬದುಕಿದ್ದಾನೆಂದು ಗೊತ್ತಾದ ದಿನ ನಾವು ಮತ್ತೆ ಪಾತ್ರೆ ಕಟ್ಟಬೇಕು.