ಕರೆಂಟ್ ಹೋದ ಮೇಲೂ ನಿಲ್ಲದ ಹಾಡು

ದನಿ ಎಂದರೆ ತಂತಿ ಮತ್ತು ಕರೆಂಟು, ಅದಕ್ಕಿಂತ ಹೆಚ್ಚೇನೂ ಇಲ್ಲ ಎಂದು ನಂಬಿದ್ದವಳು ನಾನು. ತೊಂಬತ್ತರ ದಶಕದಲ್ಲಿ ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಊರೂರಿನ ದನಿಗಳನ್ನು ಜೋಡಿಸುವುದೇ ಕೆಲಸ. ಲೈನು ಕಡಿಯಿತೋ, ದನಿಯೂ ಕಡಿಯಿತು. ಯಾರಾದರೂ ದೆವ್ವದ ಕತೆ ಹೇಳಿದರೆ ಎದುರಿಗೇ ನಗುತ್ತಿದ್ದೆ. ಈಗ ನನ್ನ ಮಾತು ಕೇಳಿ ನೀವು ನಗಬಹುದು. ನಗಿ, ಬೇಸರವಿಲ್ಲ. ಆದರೆ ನಿಮ್ಮ ನಗುವಿಗೆ ಹೆದರಿ ನಾನು ಒಂದಕ್ಷರವನ್ನೂ ಬದಲಿಸುವುದಿಲ್ಲ.

ಆಗ ನಮ್ಮದೊಂದು ಹಾಡಿನ ಹುಚ್ಚರ ಗುಂಪಿತ್ತು. ಕೋಟೆ ರಸ್ತೆಯಲ್ಲಿ ಇಮ್ತಿಯಾಜನ ವಾಚ್ ರಿಪೇರಿ ಅಂಗಡಿ, ಅದರ ಮೇಲಿನ ಸಣ್ಣ ಕೋಣೆಯಲ್ಲಿ ಭಾನುವಾರ ಸೇರುತ್ತಿದ್ದೆವು. ಒಬ್ಬೊಬ್ಬರೂ ತಮಗೆ ಇಷ್ಟವಾದ ಹಾಡನ್ನು ತಂದು ಉಳಿದವರಿಗೆ ಕೇಳಿಸಬೇಕು. ಯಾವ ಭಾಷೆಯಾದರೂ ಸರಿ, ಯಾವ ಬಗೆಯದಾದರೂ ಸರಿ. ಇನ್ನೊಬ್ಬರ ಹಾಡಿಗೆ ಮೂಗು ಮುರಿಯಬಾರದು, ಅದೊಂದೇ ಕಟ್ಟಳೆ. ಇಮ್ತಿಯಾಜ್ ಕವ್ವಾಲಿಯ ಹಿಂದೆಯೇ ಕಿವಿಗಡಚಿಕ್ಕುವ ಇಂಗ್ಲಿಷ್ ಗಿಟಾರ್ ಹಾಕುತ್ತಿದ್ದ. ನಾನು ಭಾವಗೀತೆ ಒಯ್ಯುತ್ತಿದ್ದೆ. ಭದ್ರಾವತಿಯಿಂದ ಬಸ್ಸು ಹಿಡಿದು ಇಬ್ಬರು ಬರುತ್ತಿದ್ದರು. ಒಬ್ಬಳು ಸೆಲ್ವಿ, ಹೊಲಿಗೆ ಕಲಿಸುವವಳು. ಅವಳ ತಾತ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ನೆಲೆಸಿದವರು. ಇನ್ನೊಬ್ಬರು ಕಾರ್ಖಾನೆಯಿಂದ ನಿವೃತ್ತರಾಗಿದ್ದ ರುದ್ರಪ್ಪನವರು. ಹಣೆ ತುಂಬ ವಿಭೂತಿ, ಕೈಯಲ್ಲಿ ಕ್ಯಾಸೆಟ್ ಚೀಲ. ವಚನ ಕೇಳಿ ಕಣ್ಣು ಒರೆಸಿಕೊಂಡವರು, ಮರುಗಳಿಗೆ ಡಿಸ್ಕೊ ಹಾಡಿಗೆ ತೊಡೆ ತಟ್ಟುತ್ತಿದ್ದರು.

ಒಂದು ದಿನ ಸೆಲ್ವಿ ಕ್ಯಾಸೆಟ್ ತರದೆ ಬರಿಗೈಯಲ್ಲಿ ಬಂದಳು. "ನಮ್ಮ ಪಾಟಿ ರಾಗಿ ಬೀಸ್ತಾ ಹಾಡ್ತಿದ್ದ ಹಾಡು. ಎರಡೇ ನುಡಿ ಗೊತ್ತು ನಂಗೆ," ಎಂದು ಅಜ್ಜಿಯ ತಮಿಳು ಹಾಡನ್ನು ತಾನೇ ಹಾಡಿ, ಅರ್ಥವನ್ನೂ ಹೇಳಿದಳು. ತವರಿನ ದಾರಿ ತಪ್ಪಿದ ಹೆಣ್ಣೊಬ್ಬಳು ಮೊದಲ ನುಡಿಯಲ್ಲಿ ಕಾಗೆಯನ್ನು ದಾರಿ ಕೇಳುತ್ತಾಳೆ, ಎರಡನೆಯದರಲ್ಲಿ ಬಾವಿಯನ್ನು. ಯಾವುದೂ ಉತ್ತರ ಕೊಡುವುದಿಲ್ಲ. ಇಮ್ತಿಯಾಜ್ ಅದನ್ನು ಟೇಪಿಗೆ ತುಂಬಿಕೊಂಡ. ರುದ್ರಪ್ಪನವರು ಅಷ್ಟು ಹೊತ್ತೂ ಅಲುಗಾಡಲಿಲ್ಲ. "ಆಮೇಲೆ ಅವ್ಳು ಏನ್ ಮಾಡಿದ್ಳಮ್ಮ?" ಎಂದು ಕೇಳಿದರು. ಸೆಲ್ವಿಗೆ ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ರುದ್ರಪ್ಪನವರಿಗೆ ಲಕ್ವ ಹೊಡೆಯಿತು. ಬಲಗೈ ಸತ್ತಿತು, ಮಾತು ನಿಂತಿತು. ಅವರ ಮಗ ಮಲ್ಲೇಶ ಕ್ಯಾಸೆಟ್ಟುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದನೆಂದು ಸೆಲ್ವಿ ಬಂದು ಹೇಳಿದಳು. ನಾವು ಮೂವರೂ ಟೇಪ್‌ರೆಕಾರ್ಡರ್, ನಮ್ಮ ಕ್ಯಾಸೆಟ್ಟುಗಳನ್ನು ಹೊತ್ತು ಮಟಮಟ ಮಧ್ಯಾಹ್ನ ಅವರ ಮನೆಗೆ ಹೋದೆವು.

ಮಲ್ಲೇಶ ಬಾಗಿಲಿಗೆ ಅಡ್ಡ ನಿಂತ. "ನೋಡ್ಕೊಂಡು ಹೋಗಿ, ಬೇಡ ಅನ್ನಲ್ಲ. ಹಾಡು-ಗೀಡು ಮಾತ್ರ ಬೇಡ. ಕಂಡ ಕಂಡೋರ್ ಜೊತೆ ಕೂತು ಕಂಡ ಕಂಡಿದ್ದೆಲ್ಲ ಕೇಳಿನೇ ಅಪ್ಪ ಹಿಂಗಾಗಿದ್ದು."

ನನಗೆ ಸಿಟ್ಟು ನೆತ್ತಿಗೇರಿತು. "ನಾವು ಬಂದಿರೋದು ನಿಮ್ಗೆ ಹಾಡು ಕೇಳ್ಸೋಕಲ್ಲ. ಬೇಕೋ ಬೇಡ್ವೋ ಅಂತ ಅವ್ರನ್ನೇ ಕೇಳಿ," ಎಂದೆ.

ಮಂಚದ ಮೇಲಿದ್ದ ರುದ್ರಪ್ಪನವರು ಎಡಗೈ ಎತ್ತಿ ಟೇಪ್‌ರೆಕಾರ್ಡರನ್ನು ತೋರಿಸಿದರು. ಮಲ್ಲೇಶ ಪಕ್ಕಕ್ಕೆ ಸರಿದ.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಒಂದೊಂದೇ ಹಾಕಿದೆವು. ವಚನ, ಕವ್ವಾಲಿ, ಗಿಟಾರ್, ಅವರ ಇಷ್ಟದ ಡಿಸ್ಕೊ. ಕೊನೆಗೆ ಸೆಲ್ವಿಯ ಹಾಡು. ಎರಡನೆಯ ನುಡಿ ಶುರುವಾಗಿತ್ತಷ್ಟೇ, ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಟೇಪಿನ ಕೆಂಪು ದೀಪ ಆರಿತು. ಚಕ್ರಗಳು ನಿಂತದ್ದನ್ನು ಕಿಟಕಿಯ ಬೆಳಕಿನಲ್ಲಿ ನಾನು ಕಣ್ಣಾರೆ ಕಂಡೆ.

ಹಾಡು ನಿಲ್ಲಲಿಲ್ಲ.

ಕರೆಂಟು ಹೋದಾಗ ಟೇಪಿನ ದನಿ ಹೇಗೆ ಎಳೆದು ಎಳೆದು ಸಾಯುತ್ತದೆಂದು ಆ ಕಾಲದವರಿಗೆಲ್ಲ ಗೊತ್ತು. ಹಾಗೂ ಆಗಲಿಲ್ಲ. ಅದೇ ಲಯ, ಅದೇ ಸ್ಥಾಯಿ. ಎರಡನೆಯ ನುಡಿ ಮುಗಿಯಿತು. ಆಮೇಲೆ ಸೆಲ್ವಿಯದೇ ದನಿಯಲ್ಲಿ ಮೂರನೆಯ ನುಡಿ ಶುರುವಾಯಿತು. ನಾನು ತಟ್ಟನೆ ಅವಳತ್ತ ನೋಡಿದೆ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ನಿಂತಿದ್ದಳು. ಮಂಚದ ಮೇಲೆ ರುದ್ರಪ್ಪನವರ ಸತ್ತ ಬಲಗೈಯ ಬೆರಳುಗಳು ತಾಳ ಹಾಕುತ್ತಿದ್ದವು. ಹಾಡು ಮುಗಿಯಿತು, ಬೆರಳುಗಳು ನಿಂತವು. ಸೊಟ್ಟಗಾದ ಅವರ ಬಾಯಲ್ಲಿ ನಗುವಿತ್ತು.

"ಬ್ಯಾಟರಿ ಇದೆ ಅದ್ರಲ್ಲಿ," ಎಂದು ಮಲ್ಲೇಶ ಕೂಗಿದ. ಇಮ್ತಿಯಾಜ್ ಟೇಪ್‌ರೆಕಾರ್ಡರನ್ನು ತಿರುಗಿಸಿ ಹಿಂದಿನ ಮುಚ್ಚಳ ತೆಗೆದ. ಒಳಗೆ ಬರೀ ಸ್ಪ್ರಿಂಗುಗಳಿದ್ದವು. ಮಲ್ಲೇಶ ಅವನ್ನು ಬೆರಳಿನಿಂದ ಒತ್ತಿ ನೋಡಿದ. ಆಮೇಲೆ, "ಹೊರಡಿ ಇನ್ನು," ಎಂದ.

ಬಸ್ ಸ್ಟಾಂಡಿನಲ್ಲಿ ಸೆಲ್ವಿ ಆ ಮೂರನೆಯ ನುಡಿಯ ಅರ್ಥ ಹೇಳಿದಳು. ಆ ಹೆಣ್ಣು ದಾರಿ ಕೇಳುವುದನ್ನು ಬಿಟ್ಟು, ಸುಮ್ಮನೆ ನಡೆದುಬಿಡುತ್ತಾಳಂತೆ. ಮುಂದೆ ಯಾವುದೋ ಮದುವೆಗೆ ತಮಿಳುನಾಡಿಗೆ ಹೋದಾಗ ಅವಳ ದೊಡ್ಡತ್ತೆ ಅದೇ ನುಡಿಯನ್ನು ಹಾಡಿದರಂತೆ. ರುದ್ರಪ್ಪನವರ ಬಲಗೈ ಮತ್ತೆಂದೂ ಅಲುಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಇದನ್ನು ಹೇಳಿದಾಗಲೆಲ್ಲ ಜನ ನನಗೆ ಬುದ್ಧಿ ಹೇಳಿದ್ದಾರೆ. ಪಕ್ಕದ ಮನೆಯ ರೇಡಿಯೋ ಇರಬೇಕು ಎನ್ನುತ್ತಾರೆ. ಯಾವ ರೇಡಿಯೋಕ್ಕೂ ಹೋಗದ ಹಾಡು ಅದು. ಸೆಲ್ವಿ ಚಿಕ್ಕಂದಿನಲ್ಲಿ ಕೇಳಿ ಮರೆತಿದ್ದು, ತನಗೇ ತಿಳಿಯದೆ ಹಾಡಿರಬೇಕು ಎನ್ನುತ್ತಾರೆ. ಮುಚ್ಚಿದ ಅವಳ ಬಾಯಿ ನೋಡುತ್ತ ನಿಂತವಳು ನಾನು. ದುಃಖದಲ್ಲಿ ಭ್ರಮೆಯಾಗುತ್ತದೆ ಎನ್ನುತ್ತಾರೆ. ನನಗೆ ಆಗ ದುಃಖವಿರಲಿಲ್ಲ, ಸಿಟ್ಟಿತ್ತು. ದಿನವಿಡೀ ದನಿಗಳನ್ನು ಗುರುತಿಸಿ ಸಂಬಳ ತೆಗೆದುಕೊಂಡ ಕಿವಿ ಇದು. ಯಾಕಾಯಿತು ಎಂದರೆ ಗೊತ್ತಿಲ್ಲ. ಆಗಲೇ ಇಲ್ಲ ಎಂದು ನನ್ನ ಬಾಯಿಂದ ಹೇಳಿಸಲು ಮಾತ್ರ ಯಾರಿಂದಲೂ ಆಗಿಲ್ಲ.

ಎಷ್ಟೋ ವರ್ಷಗಳ ಮೇಲೆ ಗೆಳತಿಯೊಬ್ಬಳ ಜೊತೆ ಹೊರಟಿದ್ದಾಗ ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಲ್ಲಿ ಮಲ್ಲೇಶ ಸಿಕ್ಕರು. ತಲೆ ನರೆತಿತ್ತು. ಸ್ಕೂಟರ್ ನಿಲ್ಲಿಸಿ ತಾವಾಗಿಯೇ ಮಾತಾಡಿಸಿದರು. ನಾನು ಸುತ್ತಿ ಬಳಸದೆ ಕೇಳಿಬಿಟ್ಟೆ, "ಅವತ್ತು ನಿಮ್ಗೂ ಕೇಳಿಸ್ತು ಅಲ್ವಾ?"

"ಏನೂ ಆಗ್ಲಿಲ್ಲ ಅಂತಾನೇ ಎಲ್ರಿಗೂ ಹೇಳ್ಕೊಂಡು ಬಂದಿದೀನಿ, ಮೇಡಂ," ಎಂದರು. ಆಮೇಲೆ ದನಿ ತಗ್ಗಿಸಿ, "ಒಂದೇ ಒಂದು ಕೇಳ್ತೀನಿ. ಕೊನೇ ನುಡೀಲಿ ಆಕೆ ಜೊತೆಗೆ ನಮ್ಮಪ್ಪನೂ ಹಾಡ್ತಿದ್ರಲ್ಲ, ಅದು ನಿಮ್ಗೆ ಕೇಳಿಸಿತ್ತಾ?" ಎಂದರು.

ನನಗೆ ಒಂದೇ ದನಿ ಕೇಳಿಸಿತ್ತು. ಹಾಗೆಂದೇ ಹೇಳಿದೆ. ಅವರು ತಲೆಯಾಡಿಸಿ ಸ್ಕೂಟರ್ ಒದ್ದು ಹೊರಟುಹೋದರು. ಪಕ್ಕದಲ್ಲಿದ್ದ ನನ್ನ ಗೆಳತಿ, "ಪಾಪ, ಭ್ರಮೆ," ಎಂದಳು.

"ಹಾಗನ್ಬೇಡ ಮಾರಾಯ್ತಿ," ಎಂದೆ. "ಅಲ್ಲಿ ನೀನಿರ್ಲಿಲ್ಲ."