ಹುಲಿಗೆಮ್ಮನ ರುಚಿ ಪುಸ್ತಕ

ಸಾಗರದ ಪೇಟೆಯೊಳಗೆ ಒಂದು ಅನುದಾನಿತ ಹೈಸ್ಕೂಲಿದೆ. ಹೆಸರು ಬೇಡ. ಗೇಟಿನ ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ‘ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು’ ಎಂದು ನೀಲಿ ಬಣ್ಣದಲ್ಲಿ ಬರೆಸಿ, ಕೆಳಗೆ ವರ್ಷಗಳನ್ನು ಸಾಲಾಗಿ ಪೋಣಿಸಿದ್ದಾರೆ. ಬಸ್‌ಸ್ಟ್ಯಾಂಡಿಗೆ ಹೋಗುವವರು ಅದನ್ನು ಓದಿ ತಮ್ಮ ಮಕ್ಕಳಿಗೆ ಬೈಯುತ್ತಾ ಮುಂದೆ ಹೋಗುತ್ತಾರೆ. ಅದೇ ಗೋಡೆಯ ಒಳಬದಿಗೆ ಬಿಸಿಯೂಟದ ಅಡುಗೆಕೋಣೆ. ಅಲ್ಲಿ ಹದಿನಾಲ್ಕು ವರ್ಷದಿಂದ ಅನ್ನ ಬೇಯಿಸುತ್ತಿರುವವಳು ಹುಲಿಗೆಮ್ಮ. ನೂರಕ್ಕೆ ನೂರು ಎಲ್ಲಿಂದ ಬರುತ್ತದೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ಇಲಾಖೆಯವರಿಗೂ ಗೊತ್ತಿರಲಿಲ್ಲ.

ಹುಲಿಗೆಮ್ಮನ ಅಪ್ಪ ಕೊಪ್ಪಳದ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದು ಹೊಸನಗರದಲ್ಲಿ ನಿಂತವನು. ಅವಳು ಏಳನೇ ಕ್ಲಾಸಿನವರೆಗೆ ಓದಿದ್ದು ಅಲ್ಲೇ. ಗಂಡ ಅಂಜನಪ್ಪ ಅಡಿಕೆ ಮಂಡಿಯಲ್ಲಿ ಹಮಾಲಿ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮಗಳು ಬಿಂದುಶ್ರೀ ಒಬ್ಬಳೇ. ತಾನು ಅಡುಗೆ ಮಾಡುವ ಶಾಲೆಯಲ್ಲೇ ಆ ಮಗಳು ಹತ್ತನೇ ಕ್ಲಾಸಿಗೆ ಬಂದಾಗ ಹುಲಿಗೆಮ್ಮನಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಸಾಲಿನಲ್ಲಿ ತಟ್ಟೆ ಹಿಡಿದು ಬಂದ ಮಗಳಿಗೆ ಬೇಕೆಂದೇ ಉಳಿದವರಿಗಿಂತ ಒಂದು ಸೌಟು ಕಡಿಮೆ ಬಡಿಸುತ್ತಿದ್ದಳು. ಯಾರೂ ಆಡಿಕೊಳ್ಳಬಾರದಲ್ಲ.

ಮುಖ್ಯೋಪಾಧ್ಯಾಯರು ಮುಕುಂದಯ್ಯನವರು. ಮೇಗರವಳ್ಳಿಯ ಕಡೆಯವರು, ತೀರ್ಥಹಳ್ಳಿಯಲ್ಲಿ ಓದಿದವರು, ಇಸ್ತ್ರಿ ಕೆಡದ ಬಿಳಿ ಅಂಗಿಯವರು. ಮೂರು ವರ್ಷದ ಹಿಂದಿನ ನವೆಂಬರಿನಲ್ಲಿ ಒಂದು ದಿನ ಅವರು ಅಡುಗೆಕೋಣೆಗೆ ಬಂದರು. ಹುಲಿಗೆಮ್ಮ ಇನ್ನೂರ ಹತ್ತು ಮಕ್ಕಳ ಸಾಂಬಾರಿಗೆ ಒಗ್ಗರಣೆ ಇಟ್ಟಿದ್ದಳು.

“ಹುಲಿಗೆಮ್ಮ, ನಿನ್ನ ಮಗಳಿಗೆ ಗಣಿತ ತಲೆಗೆ ಹತ್ತದಿಲ್ಲ ಮಾರಾಯ್ತಿ. ನಮ್ಮ ಶಾಲೆಯಿಂದ ಬೇಡ, ಖಾಸಗಿಯಾಗಿ ಬರೀಲಿ. ಅರ್ಜಿ ಗಿರ್ಜಿ ಎಲ್ಲಾ ನಾನೇ ಹಾಕಿಸ್ತೀನಿ. ಇಲ್ಲೊಂದು ಸಹಿ ಹಾಕು.”

ಸಾಸಿವೆ ಸಿಡಿಯುತ್ತಿತ್ತು. ಹೆಡ್ಮಾಸ್ಟರು ಹೇಳಿದ ಮೇಲೆ ಓದುವುದೆಂತ? ಹುಲಿಗೆಮ್ಮ ಸೆರಗಿಗೆ ಕೈ ಒರೆಸಿ ಸಹಿ ಹಾಕಿದಳು. ಸರಿಯಾಗಿ ಒರೆಸಿರಲಿಲ್ಲ, ಕಾಗದದ ಅಂಚಿಗೆ ಅರಿಶಿನದ ಹೆಬ್ಬೆಟ್ಟು ಮೂಡಿತು. ಮುಕುಂದಯ್ಯನವರು ಮುಖ ಸಿಂಡರಿಸಿ, ಕಾಗದವನ್ನು ತುದಿಯಲ್ಲಿ ಹಿಡಿದುಕೊಂಡು ಹೋದರು.

ಅದು ‘ಸ್ವಇಚ್ಛೆಯಿಂದ ವರ್ಗಾವಣೆ ಪತ್ರ ಕೋರುವ’ ಅರ್ಜಿ. ಮರುವಾರ ಅವಳು ಅಭ್ಯಾಸಬಲದಿಂದ ಹತ್ತನೇ ಕ್ಲಾಸಿನ ನಲವತ್ತಾರು ಮಕ್ಕಳಿಗೆ ಅಕ್ಕಿ ಹಾಕಿದಳು. ಅನ್ನ ಮಿಕ್ಕಿತು. ಹಾಜರಿಯ ಚೀಟಿ ತೆಗೆದು ನೋಡಿದರೆ ಮೂವತ್ತೆಂಟು. ತನ್ನ ಮಗಳೊಬ್ಬಳೇ ಅಲ್ಲ, ಎಂಟು ಮಕ್ಕಳು ಹೋಗಿದ್ದರು. ತಾಳಗುಪ್ಪದಿಂದ ಬರುತ್ತಿದ್ದ ಇಬ್ಬರು, ಸಿಗಂದೂರಿನ ಕಡೆಯಿಂದ ಲಾಂಚಿನಲ್ಲಿ ಹಿನ್ನೀರು ದಾಟಿ ಬರುತ್ತಿದ್ದ ಒಬ್ಬಳು, ಹಾಸ್ಟೆಲಿನ ಮೂವರು, ಗಾರೆ ಕೆಲಸದವನ ಮಗ. ಎಲ್ಲರೂ ಎರಡೆರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ ಮಕ್ಕಳೇ. ಡಾಕ್ಟರ ಮಗ, ವಕೀಲರ ಮಗಳು ಯಾರೂ ಆ ಎಂಟರಲ್ಲಿ ಇರಲಿಲ್ಲ.

ಮಾರ್ಚಿನಲ್ಲಿ ಹಾಲ್ ಟಿಕೆಟ್ ಕೇಳಲು ಹೋದರೆ ಬಿಂದುವಿನ ಅರ್ಜಿ ಹಾಕಿಯೇ ಇರಲಿಲ್ಲ. “ಎಲ್ಲೋ ತಪ್ಪಿಹೋಗಿದೆ. ಒಂದು ವರ್ಷ ಹೋದ್ರೆ ಎಂತ ಆಗ್ತದೆ, ಮುಂದಿನ ಸಲ ಬರೀಲಿ ಬಿಡು,” ಎಂದರು ಮುಕುಂದಯ್ಯನವರು, ಫೋನಿನಿಂದ ಕಣ್ಣೆತ್ತದೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನೂರಕ್ಕೆ ನೂರು. ಮುಕುಂದಯ್ಯನವರು ಪೇಡೆಯ ಡಬ್ಬಿ ಹಿಡಿದು ಅಡುಗೆಕೋಣೆಗೇ ಬಂದರು. “ತಗೋ ಹುಲಿಗೆಮ್ಮ, ನಮ್ಮ ಶಾಲೆಯ ಹೆಮ್ಮೆ!” ಅವಳು ತೆಗೆದುಕೊಂಡಳು. ಅವರು ಆಚೆ ಹೋದ ಮೇಲೆ ಆ ಪೇಡೆಯನ್ನು ಪಾತ್ರೆ ತೊಳೆಯುವ ಕಲ್ಲಿನ ಮೇಲಿಟ್ಟಳು. ಕಾಗೆ ಬಂದು ಒಯ್ದಿತು. ಇವನನ್ನು ಬಿಡಬಾರದು ಎಂದು ಅವಳು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡದ್ದು ಆಗ. ಹೊರಗೆ ‘ಸಾರ್’ ಉಳಿಯಿತು. ಒಳಗೆ ಏಕವಚನಕ್ಕೆ ಇಳಿದದ್ದು ಮತ್ತೆ ಮೇಲೇಳಲಿಲ್ಲ.

ಬಿಡಬಾರದು ನಿಜ, ಆದರೆ ಅಡುಗೆಯವಳು ಹೆಡ್ಮಾಸ್ಟರಿಗೆ ಎಂತ ಮಾಡಿಯಾಳು? ಸಾಂಬಾರಿಗೆ ಉಪ್ಪು ಸುರಿದರೆ ಉಣ್ಣುವವು ಮಕ್ಕಳು. ಬಿಇಒ ಆಫೀಸಿಗೆ ದೂರು ಕೊಟ್ಟರೆ ಅದೂ ಬಿಂದುವಿನ ಅರ್ಜಿಯ ಹಾಗೆ ‘ಎಲ್ಲೋ ತಪ್ಪಿಹೋಗುತ್ತದೆ’. ಇದೇ ಯೋಚನೆಯಲ್ಲಿ ಬೇಸಿಗೆ ರಜೆ ಕಳೆದು ಜೂನ್ ಬಂತು.

ಬಿಸಿಯೂಟಕ್ಕೆ ಒಂದು ನಿಯಮವಿದೆ. ಮಕ್ಕಳಿಗೆ ಬಡಿಸುವ ಮುಂಚೆ ಹೆಡ್ಮಾಸ್ಟರು ಉಂಡು ನೋಡಿ ಪುಸ್ತಕಕ್ಕೆ ಸಹಿ ಹಾಕಬೇಕು. ಅದಕ್ಕೆ ರುಚಿ ಪುಸ್ತಕ ಎನ್ನುತ್ತಾರೆ. ದಿನಾಂಕ, ಅಡುಗೆ, ಮಕ್ಕಳ ಸಂಖ್ಯೆ ಇಷ್ಟನ್ನು ಹುಲಿಗೆಮ್ಮ ಬರೆಯಬೇಕು. ಕೊನೆಯಲ್ಲಿ ‘ಷರಾ’ ಎಂದು ಅಗಲವಾದ ಒಂದು ಕಲಂ ಇದೆ, ಏನಾದರೂ ಹೇಳುವುದಿದ್ದರೆ ಬರೆಯಲಿಕ್ಕೆ. ಅದು ಅಲ್ಲಿಯವರೆಗೆ ಖಾಲಿಯೇ ಇತ್ತು. ಮುಕುಂದಯ್ಯನವರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಒಂದು ತುತ್ತು ಬಾಯಿಗೆ ಹಾಕಿ, ‘ನೋಡಿದ್ದೇನೆ, ಸರಿಯಾಗಿದೆ’ ಎಂದು ಗೀಚಿ ಸಹಿ ಹಾಕುತ್ತಿದ್ದರು. ಪುಟದ ಕಡೆಗೆ ನೋಡುತ್ತಿರಲಿಲ್ಲ. ಇದನ್ನು ಅವಳು ವರ್ಷಗಟ್ಟಲೆ ಕಂಡಿದ್ದಳು, ಆ ಜೂನಿನಲ್ಲಿ ಮಾತ್ರ ಸರಿಯಾಗಿ ಗಮನಿಸಿದಳು.

ಒಂದು ದಿನ ಷರಾ ಕಲಮಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: ‘ಇವತ್ತು ಸಾಂಬಾರಿಗೆ ಹಲ್ಲಿ ಬಿದ್ದಿದೆ.’ ಬಿದ್ದಿರಲಿಲ್ಲ. ಮುಕುಂದಯ್ಯನವರು ತುತ್ತು ಬಾಯಿಗೆ ಹಾಕಿದರು, ಚಪ್ಪರಿಸಿದರು, ಬರೆದರು. ನೋಡಿದ್ದೇನೆ, ಸರಿಯಾಗಿದೆ.

ಹುಲಿಗೆಮ್ಮನಿಗೆ ಆ ದಿನ ಬಂದ ನಗು! ಬೇಳೆ ಚೀಲದ ಹಿಂದೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗುನಗುತ್ತಲೇ ಅಳುವೂ ಬಂತು.

ಮರುದಿನದಿಂದ ಷರಾ ತುಂಬತೊಡಗಿತು. ದಿನಕ್ಕೊಂದು ಮಗು. ‘ಬಿಂದುಶ್ರೀ, ತಂದೆ ಅಂಜನಪ್ಪ, ಹಮಾಲಿ. ಫಲಿತಾಂಶ ಕೆಡುತ್ತದೆ ಎಂದು ಹೆಡ್ಮಾಸ್ಟರು ನವೆಂಬರಿನಲ್ಲಿ ಟಿಸಿ ಕೊಟ್ಟು ಕಳಿಸಿದರು. ಪರೀಕ್ಷೆಗೆ ಕಟ್ಟಿಸಲಿಲ್ಲ.’ ಕೆಳಗೆ: ನೋಡಿದ್ದೇನೆ, ಸರಿಯಾಗಿದೆ. ಮರುದಿನ ಲಾಂಚಿನಲ್ಲಿ ಬರುತ್ತಿದ್ದ ಶಿಲ್ಪಶ್ರೀ. ನೋಡಿದ್ದೇನೆ, ಸರಿಯಾಗಿದೆ. ಎಂಟು ಹೆಸರು ಮುಗಿದರೆ ಮತ್ತೆ ಮೊದಲಿನಿಂದ. ಮುಂದಿನ ನವೆಂಬರಿನಲ್ಲಿ ಒಂಬತ್ತು ಮಕ್ಕಳು ಹೋದರು, ಅದರ ಮುಂದಿನದರಲ್ಲಿ ಏಳು, ಕಳೆದ ನವೆಂಬರಿನಲ್ಲಿ ಮತ್ತೆ ಏಳು. ಒಟ್ಟು ಮೂವತ್ತೊಂದು. ಒಬ್ಬೊಬ್ಬರ ಊರು, ಅಪ್ಪನ ಕೆಲಸ ಎಲ್ಲವನ್ನೂ ಅವಳು ಕೇಳಿ ತಿಳಿದು ಬರೆದಳು. ತಪಾಸಣೆಗೆ ಬಂದ ಒಂದಿಬ್ಬರು ಕೊನೆಯ ಸಹಿ ಇದೆಯೇ ಎಂದಷ್ಟೇ ನೋಡಿ, ಉಂಡು ಹೋದರು.

ಈ ನಡುವೆ ಬಿಂದು ಹೊಸನಗರದ ಅಜ್ಜಿಯ ಮನೆಯಲ್ಲಿದ್ದುಕೊಂಡು ತಾನೇ ಅರ್ಜಿ ಹಾಕಿ ಪರೀಕ್ಷೆ ಬರೆದು ಪಾಸಾದಳು. ತಲೆಗೆ ಹತ್ತದ ಗಣಿತದಲ್ಲಿ ಅರವತ್ತೊಂದು. ಆದರೆ ಓದು ಎಂದರೆ ಮುಖ ತಿರುಗಿಸುವಂತಾಗಿದ್ದಳು. ಕಾಲೇಜು ಬೇಡವೆಂದು ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಸೇರಿದಳು. ಮೇ ತಿಂಗಳು ಬಂದರೆ ಊರ ಮಕ್ಕಳ ಅಂಕಪಟ್ಟಿಗಳನ್ನೆಲ್ಲ ಪ್ರಿಂಟ್ ತೆಗೆದು ಕೊಡುವವಳು ಅವಳೇ. ಇದನ್ನು ನೆನೆದ ದಿನ ಹುಲಿಗೆಮ್ಮ ಷರಾದ ಅಕ್ಷರಗಳನ್ನು ಇನ್ನಷ್ಟು ಒತ್ತಿ ಬರೆಯುತ್ತಿದ್ದಳು.

ಕಳೆದ ಡಿಸೆಂಬರಿನಲ್ಲಿ ಆ ಅಂಗಡಿಗೆ ಶಾಲೆಯ ಕಡತವೊಂದು ಬೈಂಡಿಂಗಿಗೆ ಬಂತು. ‘ಶಾಲೆಯ ಸಾಧನೆ ಮತ್ತು ವಿದ್ಯಾರ್ಥಿಗಳ ವಿವರ’. ಅರವತ್ತು ಪುಟ, ಬಣ್ಣದ ಫೋಟೋಗಳು. ರಾಜ್ಯ ಮಟ್ಟದ ಉತ್ತಮ ಶಾಲೆ ಪ್ರಶಸ್ತಿಗೆ ಕಳಿಸಲಿಕ್ಕೆ. ಮುಕುಂದಯ್ಯನವರು ಮೇ ತಿಂಗಳಲ್ಲಿ ನಿವೃತ್ತರಾಗುವವರು, ಪ್ರಶಸ್ತಿ ಹಿಡಿದುಕೊಂಡೇ ಮನೆಗೆ ಹೋಗುವ ಆಸೆ.

ಸಂಜೆ ಬಂದ ಮಗಳು ಚಪ್ಪಲಿ ಬಿಡುತ್ತಲೇ ಹೇಳಿದಳು, “ಅಮ್ಮ, ಹನ್ನೆರಡನೇ ಪುಟದಲ್ಲಿ ಎಂತ ಬರ್ದಿದ್ದಾರೆ ಗೊತ್ತುಂಟಾ? ನಡುವೆ ಶಾಲೆ ಬಿಟ್ಟವರು, ಸೊನ್ನೆ. ನಾನು ಸೊನ್ನೆಯಂತೆ.”

“ಶಾಲೆ ನೋಡೋಕೆ ಪ್ರಶಸ್ತಿಯವರು ಯಾವಾಗ ಬರ್ತಾರಂತೆ?” ಹುಲಿಗೆಮ್ಮ ಕೇಳಿದ್ದು ಅಷ್ಟೇ.

ಜನವರಿಯಲ್ಲಿ ಬಂದರು, ಮೂರು ಜನ. ಮುಂದಾಳು ಮಧುಸೂದನ ಎಂಬ ಅಧಿಕಾರಿ, ಸಣ್ಣ ಆಳು, ದಪ್ಪ ಕನ್ನಡಕ. ಲ್ಯಾಬು ನೋಡಿದರು, ಲೈಬ್ರರಿ ನೋಡಿದರು, ಊಟದ ಹೊತ್ತಿಗೆ ಅಡುಗೆಕೋಣೆಗೆ ಬಂದರು. ಹಿಂದೆ ಶಿಕ್ಷಕರ ದಂಡು, ಆಡಳಿತ ಮಂಡಳಿಯ ಇಬ್ಬರು.

“ಊಟದ ವಿಷಯದಲ್ಲಿ ನಾನು ಯಾರನ್ನೂ ನಂಬಲ್ಲ ಸಾರ್,” ಎಂದರು ಮುಕುಂದಯ್ಯನವರು. “ದಿನಾ ನಾನೇ ರುಚಿ ನೋಡ್ತೀನಿ. ನಾನೇ ಸಹಿ ಹಾಕ್ತೀನಿ. ಒಂದಕ್ಷರ ಓದದೆ ನಾನು ಎಲ್ಲೂ ಸಹಿ ಹಾಕಿದವನಲ್ಲ.”

ಹುಲಿಗೆಮ್ಮ ಇದಕ್ಕೇ ಕಾದಿದ್ದಳು. ಆದರೆ ಆ ಬಾಯಿಂದ ಆ ಮಾತೇ ಉದುರುತ್ತದೆ ಎಂದು ಅವಳೂ ಎಣಿಸಿರಲಿಲ್ಲ. ಪುಸ್ತಕ ತೆಗೆದು, ಗುರುತಿಟ್ಟ ಪುಟ ಬಿಡಿಸಿ, ಎರಡೂ ಕೈಯಲ್ಲಿ ಮಧುಸೂದನರಿಗೆ ಕೊಟ್ಟಳು.

ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. “ಸಾಂಬಾರಿಗೆ ಹಲ್ಲಿ ಬಿದ್ದಿದೆ. ನೋಡಿದ್ದೇನೆ, ಸರಿಯಾಗಿದೆ. ಎಂತದ್ರೀ ಇದು?”

“ಹಲ್ಲಿ ಬಿದ್ದಿರ್ಲಿಲ್ಲ ಸಾರ್,” ಎಂದಳು ಹುಲಿಗೆಮ್ಮ. “ಅದೊಂದು ಪರೀಕ್ಷೆ. ಹೆಡ್ಮಾಸ್ಟರಿಗೆ. ಪಾಸಾಗ್ಲಿಲ್ಲ. ಮುಂದಿನ ಪುಟ ಓದಿ.”

ಮಧುಸೂದನರು ಪುಟ ತಿರುಗಿಸಿದರು. ಮೊದಲು ಮನಸ್ಸಿನಲ್ಲಿ, ಆಮೇಲೆ ಬಾಯಿಬಿಟ್ಟು. ಹೆಸರು, ಊರು, ಅಪ್ಪನ ಕೆಲಸ, ನೋಡಿದ್ದೇನೆ, ಸರಿಯಾಗಿದೆ. ಹೆಸರು, ಊರು, ಅಪ್ಪನ ಕೆಲಸ, ನೋಡಿದ್ದೇನೆ, ಸರಿಯಾಗಿದೆ. ಮುಕುಂದಯ್ಯನವರ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಸಾಲಿನಲ್ಲಿದ್ದ ಮಕ್ಕಳು ತಟ್ಟೆ ಬಡಿಯುವುದನ್ನು ನಿಲ್ಲಿಸಿದರು.

“ಇವಳೇ ಸಹಿ ಹಾಕಿದ್ದು ಸಾರ್!” ಮುಕುಂದಯ್ಯನವರು ಆಫೀಸಿಗೆ ಓಡಿ ಹಳೆಯ ಫೈಲು ತಂದರು. “ನೋಡಿ, ಸ್ವಇಚ್ಛೆಯಿಂದ ಅಂತ ಬರ್ದು, ಓದಿ ನೋಡಿ ಸಹಿ ಹಾಕಿದ್ದಾಳೆ.”

ಕಾಗದದ ಅಂಚಿನಲ್ಲಿ ಅರಿಶಿನದ ಹೆಬ್ಬೆಟ್ಟು ಇನ್ನೂ ಇತ್ತು.

“ಒಗ್ಗರಣೆ ಸೌಟು ಹಿಡ್ಕೊಂಡು ಹಾಕಿದ ಸಹಿ ಅದು. ನಾನು ಓದ್ಲಿಲ್ಲ, ನನ್ನ ತಪ್ಪು,” ಎಂದಳು ಹುಲಿಗೆಮ್ಮ. “ನೀವು ಓದಿದ್ರಾ ಸಾರ್? ಈಗಿನ್ನೂ ಹೇಳಿದ್ರಲ್ಲ, ಓದದೆ ಸಹಿ ಹಾಕಲ್ಲ ಅಂತ. ಓದಿದ್ರೆ ಆ ಮೂವತ್ತೊಂದು ಮಕ್ಕಳನ್ನ ಓಡ್ಸಿದ್ದು ನೀವೇ ಅಂತ ಒಪ್ಪಿದ ಹಾಗೆ. ಓದಿಲ್ಲ ಅಂದ್ರೆ, ಮೂರು ವರ್ಷ ಈ ಮಕ್ಕಳು ಉಂಡಿದ್ದು ಯಾರು ನೋಡಿದ ಅನ್ನ?”

ಮುಕುಂದಯ್ಯನವರು ತೆರೆದ ಫೈಲನ್ನು ಮುಚ್ಚಿದರು. ಹುಲಿಗೆಮ್ಮ ಅವರ ಮುಖವನ್ನು ತೃಪ್ತಿಯಾಗುವಷ್ಟು ಹೊತ್ತು ನೋಡಿದಳು. ಆಮೇಲೆ ಸೌಟು ತೆಗೆದುಕೊಂಡು ಮಕ್ಕಳಿಗೆ ಬಡಿಸಲು ಹೋದಳು, ಅನ್ನ ಆರುತ್ತಿತ್ತು.

ಪ್ರಶಸ್ತಿ ಬೇರೆ ತಾಲ್ಲೂಕಿಗೆ ಹೋಯಿತು. ವಿಚಾರಣೆ ಎಂದಾಯಿತು. ಪುಸ್ತಕವನ್ನು ಅಧಿಕಾರಿಗಳು ಒಯ್ದರು. ಊರೆಲ್ಲ ಸುದ್ದಿಯಾದಾಗ ಮಗಳು ಮಾತ್ರ ಅಮ್ಮನ ಮೇಲೆ ಸಿಟ್ಟಾದಳು. “ಅಂಗಡಿಗೆ ಬಂದವರೆಲ್ಲ ನನ್ನ ಮುಖ ನೋಡ್ತಾರೆ. ನನ್ನ ಹೆಸರು ಎಂತಕ್ಕೆ ಬರ್ದೆ?” ಎಂದು ಎರಡು ದಿನ ಊಟ ಬಿಟ್ಟಳು. ಮಗಳನ್ನು ಕೇಳಿ ಬರೆಯಬೇಕಿತ್ತು ಎಂದು ಈಗಲೂ ಹುಲಿಗೆಮ್ಮನಿಗೆ ಅನ್ನಿಸುತ್ತದೆ.

ಫೆಬ್ರವರಿಯ ಒಂದು ಭಾನುವಾರ ಮುಕುಂದಯ್ಯನವರು ಆಶ್ರಯ ಬಡಾವಣೆಯ ಏರು ಹತ್ತಿ, ಏದುಸಿರು ಬಿಡುತ್ತಾ ಅವಳ ಮನೆಗೆ ಬಂದರು. ಕೈಯಲ್ಲೊಂದು ಕಾಗದ. ಮೊದಲ ಸಲ ಅವರ ಬಾಯಲ್ಲಿ ಬಹುವಚನ ಬಂತು.

“ಹುಲಿಗೆಮ್ಮನವರೇ, ಒಂದೇ ಒಂದು ಸಹಿ. ನಿವೃತ್ತಿಗೆ ಮೂರು ತಿಂಗಳಿದೆ. ಪಿಂಚಣಿಗೆ ಕಲ್ಲು ಬೀಳ್ತದೆ.”

“ಬಿಂದೂ,” ಎಂದು ಹುಲಿಗೆಮ್ಮ ಒಳಗೆ ಕೂಗಿದಳು. “ಬಾ ಇಲ್ಲಿ. ಸಾರ್ ಕಾಗದ ತಂದಿದ್ದಾರೆ, ಓದು. ಜೋರಾಗಿ.”

ಬಿಂದು ಬಾಗಿಲಿಗೆ ಬಂದಳು. ಹೆಡ್ಮಾಸ್ಟರನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಕಾಗದ ತೆಗೆದುಕೊಂಡು, ಎದುರುಮನೆಯವರು ಹೊರಗೆ ಬಂದು ನಿಲ್ಲುವಷ್ಟು ಜೋರಾಗಿ, ಎಲ್ಲೂ ತಡವರಿಸದೆ ಓದಿದಳು. “ರುಚಿ ಪುಸ್ತಕದ ಷರಾಗಳನ್ನು ಮುಖ್ಯೋಪಾಧ್ಯಾಯರು ಸಹಿ ಮಾಡಿದ ನಂತರ ನಾನೇ ದ್ವೇಷದಿಂದ ಸೇರಿಸಿ ಬರೆದಿರುತ್ತೇನೆ.”

“ದ್ವೇಷದಿಂದ ಅಂತ ಇದೆಯಾ?”

“ಇದೆ ಅಮ್ಮ.”

“ಅದೊಂದು ಸರಿಯಾಗಿ ಬರ್ದಿದ್ದಾರೆ. ಇನ್ನೊಂದ್ಸಲ ಓದು.”

ಬಿಂದು ಇನ್ನೊಂದು ಸಲ ಓದಿದಳು. ಮುಕುಂದಯ್ಯನವರು ಬಿಸಿಲಿನಲ್ಲೇ ನಿಂತಿದ್ದರು, ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಹುಲಿಗೆಮ್ಮ ಕೈ ತೊಳೆದು ಬಂದಳು. ಈ ಸಲ ಚೆನ್ನಾಗಿ ಒರೆಸಿಕೊಂಡಳು.

“ಪೆನ್ನು ಕೊಡಿ ಸಾರ್.”

ಅವರ ಮುಖ ಅರಳಿತು, ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಹುಲಿಗೆಮ್ಮ ಕಾಗದವನ್ನು ಜಗಲಿಯ ಮೇಲಿಟ್ಟುಕೊಂಡು, ಸಹಿಯ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಬರೆದಳು: ‘ಓದಿದ್ದೇನೆ. ಸರಿಯಿಲ್ಲ.’ ಅದರ ಕೆಳಗೆ ತನ್ನ ಸಹಿ ಹಾಕಿ, ತಾರೀಖು ನಮೂದಿಸಿದಳು.

ಮುಕುಂದಯ್ಯನವರು ಕಾಗದಕ್ಕೆ ಕೈ ಚಾಚುವಷ್ಟರಲ್ಲಿ ಬಿಂದು ಮೊಬೈಲಿನಲ್ಲಿ ಅದರ ಫೋಟೋ ತೆಗೆದಾಗಿತ್ತು.

“ನಾಳೆ ಅಂಗಡಿಯಲ್ಲಿ ಪ್ರಿಂಟ್ ತೆಗೀತೀನಿ ಅಮ್ಮ,” ಎಂದಳು. “ವಿಚಾರಣೆಯವರಿಗೆ ಎಷ್ಟು ಕಾಪಿ ಬೇಕು?”